ಮೇಲಿನದಾ, ಕೆಳಗಿನದಾ?

ಓದಿ ಮುಗಿದ ಮೇಲೆ ಒಂದೇ ಒಂದು ನಿಮಿಷ ಫೋನ್ ಪಕ್ಕಕ್ಕಿಡಿ... ನನ್ನ ಬೇಡಿಕೆ ಅಷ್ಟೇ. ಫಾರ್ವರ್ಡ್ ಮಾಡದಿದ್ದರೂ ಬೇಸರವಿಲ್ಲ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಹುಬ್ಬಳ್ಳಿಯ ಒಂದು ಚಾಳದಲ್ಲಿ ಒಬ್ಬಳೇ ಇದ್ದೇನೆ.

ಎದುರುಮನೆಯ ಫಕೀರಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಇರುವ ಒಬ್ಬಳೇ ಮಗಳು ಕಸ್ತೂರಿಯನ್ನು ಹೋದ ವರ್ಷ ಬಾಗಲಕೋಟೆಗೆ ಮದುವೆ ಮಾಡಿ ಕೊಟ್ಟರು.

ಅಂದಿನಿಂದ ಆ ಮನೆಯೊಳಗೆ ಮನುಷ್ಯರ ದನಿ ಅಂತ ಕೇಳಿಸುತ್ತಿದ್ದುದು ಟ್ಯಾಬ್‌ನಲ್ಲಿದ್ದ ಒಂದು ಗೇಮ್‌ನದು ಮಾತ್ರ...

ಹೊಡೆದಾಟದ ಗೇಮ್ ಅಲ್ಲ ಅದು. ಧಾರಾವಾಹಿಯ ಹಾಗೆ ಐದು ಭಾಗಗಳ ಕಥೆ. ಒಬ್ಬ ದೋಣಿಯವನು ಮಗಳ ಜೊತೆ, ಕಾಣೆಯಾದ ಮಗನನ್ನು ಹುಡುಕಿಕೊಂಡು ಹೊರಡುತ್ತಾನೆ.

ಅಲ್ಲಲ್ಲಿ ಕಥೆ ನಿಂತು, ಈಗೇನು ಮಾಡುತ್ತೀರಿ ಅಂತ ನಮ್ಮನ್ನೇ ಕೇಳುತ್ತದೆ. ಮೇಲೊಂದು ಉತ್ತರ, ಕೆಳಗೊಂದು ಉತ್ತರ. ನಾವು ಯಾವುದನ್ನು ಒತ್ತುತ್ತೇವೋ ಕಥೆ ಆ ಕಡೆ ಹೊರಳುತ್ತದೆ.

ಎಲ್ಲವೂ ಇಂಗ್ಲಿಷಿನಲ್ಲಿ. ಫಕೀರಪ್ಪನವರಿಗೆ ಇಂಗ್ಲಿಷ್ ಬರುವುದಿಲ್ಲ.

ಮದುವೆಗೆ ಮೊದಲು ಕಸ್ತೂರಿಯೇ ಪಕ್ಕದಲ್ಲಿ ಕೂತು ಓದಿ, ಕನ್ನಡದಲ್ಲಿ ಹೇಳುತ್ತಿದ್ದಳು. "ಮ್ಯಾಲಿಂದೋ, ಕೆಳಗಿಂದೋ? ಲಗೂ ಹೇಳಪಾ."

ಅಪ್ಪ-ಮಗಳ ನಗು ನನ್ನ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಸುಳ್ಳೇಕೆ ಹೇಳಲಿ... ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ದಸರಾಕ್ಕೆ ಕಸ್ತೂರಿ ತೌರಿಗೆ ಬಂದಳು. ಹತ್ತು ದಿನ ಇರುತ್ತೇನೆ ಅಂದವಳು ಮೂರನೇ ದಿನವೇ ಹೊರಟುಬಿಟ್ಟಳು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ.

ಆಮೇಲೆ ಯಾವಾಗ ಫೋನ್ ಮಾಡಿದರೂ ಒಂದೇ ಮಾತು... "ಆರಾಮ ಅದೀನಪಾ." ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದಳು. ಹಿಂದೆ ಅತ್ತೆ ಕೆಮ್ಮುವುದು ಕೇಳಿಸುತ್ತಿತ್ತಂತೆ.

ಫಕೀರಪ್ಪ ಡ್ಯೂಟಿ ಮುಗಿಸಿ ಬಂದು, ಅಕ್ಷರ ಗೊತ್ತಿಲ್ಲದೆಯೇ ಗೇಮ್ ಆಡುತ್ತ ಕೂರುತ್ತಿದ್ದರು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಟ್ಯಾಬ್ ಹಿಡಿದು ನನ್ನ ಬಾಗಿಲಿಗೆ ಬಂದರು.

"ಟೀಚರ್, ಮೂರನೇ ಭಾಗ ಮತ್ತೊಮ್ಮೆ ಹಚ್ಚಿ ಕೊಡ್ರಿ. ಅಲ್ಲಿ ನಾ ಒಂದ್ ತಪ್ಪ ಮಾಡೀನಿ."

"ಏನ್ ತಪ್ಪರೀ?"

"ಆ ಹುಡುಗಿಗೆ ವಾಪಸ್ ಹೋಗು ಅಂದ್ಬಿಟ್ಟೆ. ಆವಾಗಿಂದ ಅಕಿ ನನ್ನ ಮಾರಿನ ನೋಡವಲ್ಲಳು. ಮನಿಯಾಗ ಒಬ್ಬನ ಕುಂತಾಗ ಅದೊಂದ ಕಾಡ್ತೈತ್ರಿ."

ಗೇಮಿನ ಗೊಂಬೆಗಾಗಿ ಇಷ್ಟು ಸಂಕಟವೇ ಅಂತ ಒಳಗೊಳಗೇ ನಕ್ಕೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ...

ಹಳೆಯ ಭಾಗಕ್ಕೆ ಹಿಂದಿರುಗಿ ಬೇರೆ ಉತ್ತರ ಆರಿಸುವ ಅವಕಾಶ ಆ ಗೇಮಿನಲ್ಲಿದೆ. ಇಬ್ಬರೂ ಕೂತು ಆಡಿದೆವು. ಹೊಳೆಯ ದಂಡೆಯಲ್ಲಿ ಹುಡುಗಿ ಅಪ್ಪನ ಮುಖ ನೋಡುತ್ತ ನಿಂತಳು.

"ಇದ ನೋಡ್ರಿ, ಇದ ಜಾಗಾ."

ನಾನು ಓದಿದೆ. ಮೇಲೆ, ಕಂದೀಲು ತಗೊಂಡು ಹೋಗೋಣ. ಕೆಳಗೆ, ಹಗ್ಗ ತಗೊಂಡು ಹೋಗೋಣ.

"ಅದಲ್ರಿ ಟೀಚರ್. ಬರೋಬ್ಬರಿ ಓದ್ರಿ."

ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಈ ಮಾತು. ನನಗೆ ಸಿಟ್ಟೇ ಬಂತು. "ಇಲ್ಲಿ ಇಷ್ಟ ಬರದೈತ್ರಿ. ಕಸ್ತೂರಿ ಏನ್ ಓದಿದ್ಲು, ನೀವ ಹೇಳ್ರಿ."

ಒಂದಕ್ಷರ ಬಿಡದೆ ಹೇಳಿದರು. "ಅಪ್ಪಾ, ಈ ಹುಡುಗಿಗೆ ಕೊಟ್ಟ ಮನಿಯಾಗ ಭಾಳ ತ್ರಾಸ ಐತಂತ. ಹೊಳ್ಳಿ ಹೋಗೂದಿಲ್ಲ ಅಂತಾಳ. ಮ್ಯಾಲಿಂದು, ಇದು ನಿನ್ನ ಮನಿ, ಇಲ್ಲೇ ಇರು. ಕೆಳಗಿಂದು, ಹೊಂದ್ಕೊಂಡು ಹೋಗು. ಯಾವುದಪಾ... ಅಂತ ಕೇಳಿದ್ಲ್ರಿ."

"ನೀವೇನಂದ್ರಿ?"

"ಕೆಳಗಿಂದ ಒತ್ತವಾ ಅಂದೆ. ಇನ್ನೊಮ್ಮೆ ವಿಚಾರ ಮಾಡಪಾ ಅಂದ್ಲು. ಅದರಾಗೇನ್ ವಿಚಾರ, ಆಟ ಮುಂದ ಹೋಗಬೇಕಲ್ಲ ಅಂದೆ."

"ಯಾವತ್ತರೀ ಇದು?"

"ದಸರಾಕ್ಕ ಬಂದಿದ್ಲಲ್ರಿ, ಅಕಿ ಹೋಗೂ ಹಿಂದಿನ ದಿನ."

ಕೊನೆಯವರೆಗೂ ಆಡುತ್ತ ಹೋದೆ. ಮೂರನೇ ಭಾಗ ಮುಗಿಯಿತು. ಅಂಥ ಪ್ರಶ್ನೆ ಅದರಲ್ಲಿ ಎಲ್ಲೂ ಇರಲಿಲ್ಲ.

ಆ ಗೇಮಿನ ಹುಡುಗಿಗೆ ಮದುವೆಯೇ ಆಗಿರಲಿಲ್ಲ...

ಹಾಗಂತ ಅವರಿಗೆ ಹೇಳಿದೆ. ಫಕೀರಪ್ಪ ಟ್ಯಾಬನ್ನು ಮಗುಚಿ ಕೆಳಗಿಟ್ಟರು.

"ಬಂದ ದಿನಾನ ಬಾಯಿ ತಗದಿದ್ಲ್ರಿ... ಅಪ್ಪಾ, ಆ ಮನಿಯಾಗ ಅಂತ. ಎಲ್ಲಾರ ಮನಿಯಾಗೂ ಇದ್ದದ್ದ ಬಿಡವಾ ಅಂತ ನಾನ ಸುಮ್ಮನಿರಿಸಿದೆ." ಅಷ್ಟು ಹೇಳಿ, ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಅವತ್ತೇ ಹನ್ನೊಂದರ ಬಸ್ಸು ಹಿಡಿದೆವು. "ನೀವೂ ಬರ್ರಿ ಟೀಚರ್, ನನಗ ಒಬ್ಬನಿಗೆ ಅಲ್ಲಿ ಮಾತು ಬರೂದಿಲ್ಲ" ಅಂದಿದ್ದರು.

ಬಾಗಲಕೋಟೆಯಲ್ಲಿ ಬಾಗಿಲು ತೆಗೆದದ್ದು ಕಸ್ತೂರಿಯ ಅತ್ತೆ. "ಏನ್ ಬೀಗರ, ಹೇಳದ ಕೇಳದ ಬಂದ್ಬಿಟ್ರಿ?" ಅಳಿಯ ಕುರ್ಚಿಯಿಂದ ಏಳಲಿಲ್ಲ.

ಕಸ್ತೂರಿ ತಂಬಿಗೆಯಲ್ಲಿ ನೀರು ತಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಅಪ್ಪನನ್ನು ನೋಡಿಯೂ ನೆಲ ನೋಡುತ್ತ ನಿಂತಳು.

ಫಕೀರಪ್ಪ ನೀರು ಮುಟ್ಟಲಿಲ್ಲ.

"ಕಸ್ತೂರಿ... ಅವತ್ತ ನಾ ತಪ್ಪ ಹೇಳಿದೆ ಯವ್ವಾ. ಕೆಳಗಿಂದಲ್ಲ. ಮ್ಯಾಲಿಂದ ಒತ್ತು."

ಅತ್ತೆಗೆ ಅರ್ಥವಾಗಲಿಲ್ಲ. ಅಳಿಯನಿಗೂ ಅರ್ಥವಾಗಲಿಲ್ಲ. ಅವರಿಬ್ಬರೂ ಏನು ಏನು ಅಂತ ಕೇಳುತ್ತಿರುವಾಗಲೇ ಅವಳು ತಂಬಿಗೆ ಕೆಳಗಿಟ್ಟು ಒಳಗೆ ಹೋದಳು.

ಎರಡೇ ನಿಮಿಷದಲ್ಲಿ ಬ್ಯಾಗ್ ಹಿಡಿದು ಹೊರಗೆ ಬಂದಳು.

ಕಟ್ಟಿಕೊಳ್ಳಲು ಹೊತ್ತೇ ಬೇಕಾಗಲಿಲ್ಲ... ದಸರಾದಲ್ಲಿ ತೌರಿನಿಂದ ತಂದಿದ್ದ ಆ ಬ್ಯಾಗನ್ನು ಅವಳು ಇನ್ನೂ ಬಿಚ್ಚಿಯೇ ಇರಲಿಲ್ಲ.

*

ಬಾಯಿಬಿಟ್ಟು ಹೇಳಲು ನಾವು ಬಿಡದಿದ್ದರೆ, ನಮ್ಮವರು ಆಟದ ನೆಪದಲ್ಲಿ ನಮ್ಮನ್ನು ಕೇಳಬೇಕಾಗುತ್ತದೆ.

ನಿಮ್ಮ ಮನೆಯಲ್ಲೂ ಯಾರಾದರೂ ಹಾಗೆ ಕೇಳಿದ್ದರಾ... ನೀವು ಯಾವುದನ್ನು ಒತ್ತಿದಿರಿ?