ಸೋಸುವ ಪೆಟ್ಟಿಗೆ

ಎಲ್ಲರ ಕಿವಿ ಸತ್ತ ಮೇಲೆ ಮನೆಯೊಳಗಿನ ಹಾಡು, ಮಾತು, ಕೆಮ್ಮು ಎಲ್ಲವೂ ಅಂಕಿಗಳಾಗಿ ಡ್ಯಾಕ್ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಸದ್ದಾಗಿ ನಮ್ಮ ತಲೆಗೆ ಬರುತ್ತವೆ. ಮನೆಗೊಂದೇ ಪೆಟ್ಟಿಗೆ. ಹಿರಿಯನ ಹೆಬ್ಬೆಟ್ಟಿಲ್ಲದೆ ಅದನ್ನು ಕೊಡುವುದಿಲ್ಲ. ಅದಕ್ಕೇ ತಮ್ಮ ಚನ್ನವೀರ ನನ್ನನ್ನು ಹುಬ್ಬಳ್ಳಿಯ ಅಂಗಡಿಗೆ ಎಳೆದುಕೊಂಡು ಬಂದಿದ್ದ.

"ಸಿತಾರ್ ತಂತಿ ಸ್ವಚ್ಛ ಕೇಳಬೇಕ್ರೀ. ನಮ್ಮಣ್ಣನ ಗಂಟಲದ ಗರಗರ ಬ್ಯಾಡ," ಎಂದ.

"ಹಂಗಾರ ಈ ದುಬಾರಿದು ತಗೋರಿ. ಮುದುಕರ ದನಿ ಪೂರಾ ಸೋಸಿ ಒಗೀತೈತಿ," ಎಂದು ಅಂಗಡಿಯವನು ಅದನ್ನು ನಮ್ಮಿಬ್ಬರಿಗೂ ಹಚ್ಚಿದ.

ಪರೀಕ್ಷೆಗೆಂದು ನಾನು ಮಾತಾಡಬೇಕಿತ್ತು. ಮನೆ ಒಡೆಯಬಾರದೆಂದು ನಲವತ್ತು ವರ್ಷ ನುಂಗಿಕೊಂಡಿದ್ದನ್ನು ತಮ್ಮನ ಮುಖ ನೋಡಿಕೊಂಡೇ ಹೇಳಿದೆ. "ಅವ್ವ ಕಡೀ ಸಲ ನೀರು ಕೇಳಿದಾಗ ನೀ ಹಾಡು ಕೇಳ್ಕೋತ ಕುಂತಿದ್ದಿ. ಆಕಿ ಕೂಗಿದ್ದು ನಿನಗ ಕೇಳಿತ್ತು. ಆದ್ರೂ ಏಳಲಿಲ್ಲ, ಪಾಪಿ."

ನನ್ನ ಮಾತು ನನಗೂ ಕೇಳಿಸಲಿಲ್ಲ.

"ಬರೇ ಬಾಯಿ ಆಡ್ತೈತಿ ನೋಡ್ರಿ!" ಎಂದು ಚನ್ನವೀರ ನಕ್ಕ. "ಇದನ್ನ ಕಟ್ರಿ. ಅಣ್ಣಾ, ಹೆಬ್ಬೆಟ್ಟು ಒತ್ತು."

ಒತ್ತಿದೆ. ಮನೆ ಮುಟ್ಟುವವರೆಗೆ ಹೇಳದೆ ಉಳಿದದ್ದನ್ನೆಲ್ಲ ಒಂದೊಂದಾಗಿ ನೆನಪಿಗೆ ತಂದುಕೊಂಡೆ. ಇನ್ನು ದಿನಾ ಊಟಕ್ಕೆ ಕುಳಿತಾಗ ಅವನ ಮುಖಕ್ಕೇ ಹೇಳಬಹುದು.