ಬೇಲಿ ಕಿತ್ತ ಮೇಲೆ

ಮುದ್ದುಮಲ್ಲಯ್ಯ ಸಫಾರಿ ಪಾರ್ಕಿನ ಕೃಷ್ಣಮೃಗಗಳಿಗೆ ಮೂವತ್ತೆರಡು ವರ್ಷ ಮೇವು ಹಾಕಿ ನಿವೃತ್ತನಾದವನು. ಪ್ರಾಣಿಗಳನ್ನು ನೋಡಿಕೊಳ್ಳಲು ಬಂದ ಹೊಸ ಡಾಕ್ಟರಮ್ಮ ಹೇಳಿಕಳಿಸಿದ್ದೇ ತಡ, ಹಳೆಯ ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದುಬಿಟ್ಟ.

"ನಾನು ಸೇರಿದಾಗ ಇಲ್ಲಿ ಕಬ್ಬಿಣದ ಪಂಜರ ಡಾಕ್ಟ್ರಮ್ಮ, ಸಿಮೆಂಟು ನೆಲ. ಆಮೇಲೆ ತಂತಿಬೇಲಿ ಹಾಕಿ ಎರಡು ಎಕರೆ ಕೊಟ್ರು. ಈಗ ನೋಡಿ, ಬೇಲೀನೇ ಇಲ್ಲ! ಆ ಗುಡ್ಡದ ತನಕ ಇವುಗಳದ್ದೇ ರಾಜ್ಯ."

"ಎಲ್ಲಿ ರಾಜ್ಯ? ಬೇಲಿ ಕಿತ್ತು ಮೂರು ತಿಂಗಳಾಯ್ತು. ಬೇಲಿ ಇದ್ದ ಗೆರೆ ದಾಟಿ ಒಂದೂ ಆಚೆ ಹೋಗಿಲ್ಲ. ಈ ವಾರವೂ ದಾಟದಿದ್ರೆ ಮತ್ತೆ ಬೇಲಿ ಹಾಕಿಸ್ತಾರಂತೆ."

ಮುದ್ದುಮಲ್ಲಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಂಥ ಪೆದ್ದು ಮುಂಡೇವು! ಇಲ್ಲದ ಬೇಲಿಗೆ ಹೆದರ್ತವಲ್ಲ! ತಡೀರಿ, ನಾನು ದಾಟಿಸ್ತೀನಿ."

ಹಸಿ ಸೊಪ್ಪಿನ ಹೊರೆಯನ್ನು ಹೆಗಲಿಗೇರಿಸಿ ನಾಲಿಗೆ ಲೊಚಗುಟ್ಟಿದ. ಹಿಂಡಿಗೆ ಹಿಂಡೇ ಕಿವಿ ನಿಮಿರಿಸಿ ಅವನ ಹಿಂದೆ ಹೊರಟಿತು. ಗೆರೆಯ ಹತ್ತಿರ ಬಂದವನು ನೇರವಾಗಿ ದಾಟಲಿಲ್ಲ. ಎಡಕ್ಕೆ ತಿರುಗಿ ನಲವತ್ತು ಹೆಜ್ಜೆ ನಡೆದು, ಹಿಂದೆ ಗೇಟು ಇದ್ದ ಜಾಗದಲ್ಲಿ ನಿಂತ. ಬರೀ ಗಾಳಿಯಲ್ಲಿ ಕೈಯಾಡಿಸಿ ಚಿಲಕ ತೆಗೆದ. ತಲೆ ತಗ್ಗಿಸಿ ಆಚೆಗೆ ಹೋದ. ಅವನ ಬೆನ್ನಿಗೇ ಮೃಗಗಳೂ ಒಂದರ ಹಿಂದೊಂದು ಸಾಲಾಗಿ ಅಲ್ಲೇ ನುಸುಳಿ, ಗುಡ್ಡದ ಹುಲ್ಲಿಗೆ ಬಾಯಿ ಹಾಕಿದವು. ಕೊನೆಯ ಮರಿ ದಾಟಿದ ಮೇಲೆ ಅವನು ತಿರುಗಿ ಬಂದು ಚಿಲಕ ಹಾಕಿದ.

ಖುಷಿಯಿಂದ ಓಡೋಡಿ ಬಂದ ಡಾಕ್ಟರಮ್ಮ ಆ ಗೇಟಿನ ಜಾಗದಲ್ಲಿ ಗಕ್ಕನೆ ನಿಂತಳು.

"ಮಲ್ಲಯ್ಯನವರೇ, ನನಗೊಂಚೂರು ಗೇಟು ತೆಗೀರಿ."