ಅಧ್ಯಕ್ಷರ ಅಳತೆ

ಮೊದಲ ಪ್ರಶ್ನೆ ಬರುತ್ತಿದ್ದಂತೆಯೇ ನಕ್ಷೆಗಾರ್ತಿಗೆ ತನ್ನ ಕಥೆ ಮುಗಿಯಿತು ಎನ್ನಿಸಿತು. ಕಂಪ್ಯೂಟರಿನ ಪರದೆಯ ತುಂಬ ಸಂದರ್ಶನ ಸಮಿತಿಯ ಅಧ್ಯಕ್ಷರೇ ಇದ್ದರು, ಪಕ್ಕದಲ್ಲಿ ಕೂತ ಸದಸ್ಯೆ ಅಂಚಿನಲ್ಲಿ ಅರ್ಧ ಕಾಣುತ್ತಿದ್ದರು. ಬೇಕಾದರೆ ಅಧ್ಯಕ್ಷರ ತುಟಿ ಮುಚ್ಚಿದ್ದ ಮೀಸೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಆದರೆ ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅವರ ಮಾತನ್ನು ಕೈಸನ್ನೆಯಲ್ಲಿ ತಿಳಿಸಬೇಕಾದ ದುಭಾಷಿ ಅಕ್ಕ ಇನ್ನೊಂದು ವಿಂಡೋದಲ್ಲಿದ್ದಳು, ಕೆಳಗಿನ ಮೂಲೆಯಲ್ಲಿ, ಅಂಚೆಚೀಟಿಯಷ್ಟು. ಅಲ್ಲಿ ಎರಡು ಕೈ ಅಲ್ಲಾಡುತ್ತಿವೆ ಎನ್ನುವುದಷ್ಟೇ ತಿಳಿಯುತ್ತಿತ್ತು. ಯಾವ ಬೆರಳು ಮಡಚಿದೆ, ಯಾವುದು ನೆಟ್ಟಗಿದೆ, ದೇವರೇ ಬಲ್ಲ.

'ಇನ್ನೊಮ್ಮೆ' ಎಂದು ಅವಳು ಸನ್ನೆ ಮಾಡಿದಳು. ಅಂಚೆಚೀಟಿಯೊಳಗೆ ಕೈಗಳು ಮತ್ತೆ ಅಲ್ಲಾಡಿದವು. ಮತ್ತೆ ಏನೂ ತಿಳಿಯಲಿಲ್ಲ. ಹಿಂದಿನ ಸಂದರ್ಶನದಲ್ಲೂ ಹೀಗೇ ಆಗಿ, 'ಪ್ರಶ್ನೆ ಅರ್ಥವಾಗುವುದಿಲ್ಲ' ಎಂದು ಅವಳನ್ನು ವಾಪಸು ಕಳಿಸಿದ್ದರು. ಮುಂದಿನ ಸಲಕ್ಕೆ ವಯಸ್ಸಿನ ಮಿತಿ ದಾಟಿರುತ್ತದೆ. ನಗರದ ನಕ್ಷೆ ಬಿಡಿಸುವ ಈ ಕೆಲಸ ಇವತ್ತು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇನ್ನೆಂದೂ ಇಲ್ಲ.

ಇದನ್ನೆಲ್ಲ ಜೋಡಿಸಿಟ್ಟವನು ಪಕ್ಕದಲ್ಲೇ ಕೂತಿದ್ದ ಗುಮಾಸ್ತ. ಮನುಷ್ಯ ಕೆಟ್ಟವನೇನಲ್ಲ. ಆದರೆ ಅವನು ಕಂಡ ಕಚೇರಿಗಳಲ್ಲೆಲ್ಲ ದೊಡ್ಡವರ ಕುರ್ಚಿ ದೊಡ್ಡದು, ಮೇಜು ದೊಡ್ಡದು, ಬಾಗಿಲ ಮೇಲಿನ ಹೆಸರೂ ದೊಡ್ಡದು. ಪರದೆಗೆ ಮಾತ್ರ ಬೇರೆ ನ್ಯಾಯವೇ? ಅದಕ್ಕೇ ಅಧ್ಯಕ್ಷರನ್ನು ಈ ತುದಿಯಿಂದ ಆ ತುದಿಯವರೆಗೆ ಹಿಗ್ಗಿಸಿ, ಸಂಬಳಕ್ಕೆ ಬಂದ ದುಭಾಷಿಗೆ ಉಳಿದ ಮೂಲೆ ಕೊಟ್ಟಿದ್ದ.

ಅವಳು ಮೌಸಿಗೆ ಕೈ ಹಾಕಿದಳು. ಪರದೆಯ ಮೇಲ್ತುದಿಯ ಗುಂಡಿ ಒತ್ತಿದಾಗ ಅಧ್ಯಕ್ಷರ ವಿಂಡೋ ಪರದೆಯ ಹಿಡಿತ ಬಿಟ್ಟು ಕೊಂಚ ಸಣ್ಣದಾಯಿತು. ಅವಸರದಲ್ಲಿ ಅಂಚು ಸಿಗದೆ ವಿಂಡೋದ ನೆತ್ತಿಯ ಪಟ್ಟಿ ಸಿಕ್ಕಿತು. ಅಧ್ಯಕ್ಷರು ಮೀಸೆಯ ಸಮೇತ ಪಕ್ಕಕ್ಕೆ ಜಾರಿದರು. ಗುಮಾಸ್ತನ ಜೀವ ಬಾಯಿಗೆ ಬಂತು.

"ಮೇಡಂ, ಮುಟ್ಬೇಡಿ!" ಎಂದು ಪಿಸುಗುಟ್ಟಿದ. ಅವಳ ಮುಂದೆ ಪಿಸುಗುಟ್ಟುವುದೂ ಒಂದೇ, ಕಿರುಚುವುದೂ ಒಂದೇ ಎನ್ನುವುದು ಅವನಿಗೆ ಹೊಳೆಯಲಿಲ್ಲ. "ಇಲ್ಲಿ ಚಿಕ್ಕದು ಮಾಡಿದ್ರೆ ಅಲ್ಲೂ ಚಿಕ್ಕದಾಗಿಬಿಡ್ತಾರೆ! ಆಮೇಲೆ ಸಾಹೇಬ್ರು ನನ್ನನ್ನ ಸುಮ್ನೆ ಬಿಡ್ತಾರಾ?"

ಮೌಸು ಕಿತ್ತುಕೊಂಡು ಅಧ್ಯಕ್ಷರನ್ನು ಮತ್ತೆ ಪರದೆಯ ತುಂಬ ಹರಡಿದ. ಅವಳು ಅವನ ಮುಖವನ್ನೊಮ್ಮೆ ನೋಡಿದಳು. ಆ ನೋಟಕ್ಕೆ ದುಭಾಷಿ ಬೇಕಿರಲಿಲ್ಲ. ಅವನ ಕೈ ತಾನಾಗಿಯೇ ಹಿಂದೆ ಸರಿಯಿತು. ಈ ಸಲ ಅವಳು ಆತುರಪಡಲಿಲ್ಲ. ಗುಂಡಿ ಒತ್ತಿ, ಬಾಣವನ್ನು ವಿಂಡೋದ ಮೂಲೆಗೆ ತಂದು, ಅದು ಎರಡು ಮೊನೆಯ ಓರೆ ಬಾಣವಾಗುವವರೆಗೆ ಕಾದಳು. ಆಮೇಲೆ ಎಳೆದಳು ನೋಡಿ! ಅಧ್ಯಕ್ಷರು ಕುಗ್ಗುತ್ತ ಕುಗ್ಗುತ್ತ ಬೆಂಕಿಪೊಟ್ಟಣದಷ್ಟಾದರು. ದುಭಾಷಿ ಅಕ್ಕನನ್ನು ಹಿಗ್ಗಿಸಿದಳು, ಹತ್ತು ಬೆರಳೂ ಉಗುರಿನ ಸಮೇತ ಕಾಣುವಷ್ಟು. ಉತ್ತರ ಹೇಳಲು ಎರಡೂ ಕೈ ಬೇಕಲ್ಲ, ಮೌಸನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಗುಮಾಸ್ತನಿಗೆ ಇನ್ನು ಅಲ್ಲಿಗೆ ಕೈ ಹಾಕುವ ಹಾಗಿರಲಿಲ್ಲ.

ದುಭಾಷಿ ಪ್ರಶ್ನೆಯನ್ನು ಮತ್ತೆ ಹೇಳಿದಳು. "ಇಡೀ ಊರು ಒಂದೇ ಹಾಳೆಯಲ್ಲಿ ಹಿಡಿಸದಿದ್ದರೆ ನಕ್ಷೆಯಲ್ಲಿ ಏನನ್ನ ಬಿಡ್ತೀರಿ?" ಇಷ್ಟೇನಾ ಎಂದು ಅವಳಿಗೆ ನಗು ಬಂತು. ಅವಳ ಕೈಗಳು ಹಾರಿದವು, ದುಭಾಷಿ ಅವಕ್ಕೆ ದನಿ ಕೊಟ್ಟಳು. "ನಕ್ಷೆ ಯಾರ ಕೈಗೆ ಹೋಗುತ್ತೆ ಅಂತ ಮೊದಲು ಕೇಳ್ತೀನಿ. ನೀರಿನ ಪೈಪ್ ರಿಪೇರಿ ಮಾಡೋರಿಗಾದ್ರೆ ದೊಡ್ಡ ದೊಡ್ಡ ಕಟ್ಟಡ ಬಿಟ್ಟುಬಿಡ್ತೀನಿ. ಅವರಿಗೆ ಬೇಕಾದ್ದು ಬೀದಿ ತಿರುವಿನಲ್ಲಿರೋ ನೀರು ನಿಲ್ಲಿಸೋ ವಾಲ್ವ್." ಪ್ರಶ್ನೆಯ ಮೇಲೆ ಪ್ರಶ್ನೆ ಬಂತು. ಒಂದಕ್ಕೂ ಅವಳು 'ಇನ್ನೊಮ್ಮೆ' ಎನ್ನಲಿಲ್ಲ.

ಕೊನೆಗೆ ಅಧ್ಯಕ್ಷರ ದನಿ ಸ್ವಲ್ಪ ಗಡುಸಾಯಿತು. "ಉತ್ತರವೇನೋ ಚೆನ್ನಾಗಿದೆ. ಆದ್ರೆ ಆಗಿಂದ ನೋಡ್ತಿದೀನಿ, ನೀವು ನನ್ನ ಕಡೆ ನೋಡ್ತಾನೇ ಇಲ್ಲ. ಎಲ್ಲಿ ನೋಡ್ತಿದೀರಿ?"

ಗುಮಾಸ್ತ ಕಣ್ಣು ಮುಚ್ಚಿಕೊಂಡ. ಅವಳು ಸುಳ್ಳು ಹೇಳಲಿಲ್ಲ. "ನಿಮ್ಮ ಮಾತು ಇರೋ ಕಡೆ ನೋಡ್ತಿದೀನಿ ಸರ್. ನಿಮ್ಮನ್ನ ಚಿಕ್ಕದು ಮಾಡಿದೀನಿ."

"ಎಷ್ಟು ಚಿಕ್ಕದು?"

ಅವಳು ಹೆಬ್ಬೆರಳು, ತೋರುಬೆರಳ ನಡುವೆ ಬೆಂಕಿಪೊಟ್ಟಣದಷ್ಟು ಜಾಗ ಬಿಟ್ಟು ಅಳತೆ ತೋರಿಸಿದಳು. ದುಭಾಷಿ ಬಾಯಿ ತೆರೆಯುವ ಮೊದಲೇ ಅಧ್ಯಕ್ಷರ ಪಕ್ಕದಲ್ಲಿದ್ದ ಸದಸ್ಯೆ ಗೊಳ್ಳೆಂದು ನಕ್ಕರು. ಅಧ್ಯಕ್ಷರು ಮೀಸೆ ಸವರಿಕೊಂಡರು. "ಪರವಾಗಿಲ್ಲ ಬಿಡಿ. ಮನೇಲೂ ನನ್ನ ಅಳತೆ ಅಷ್ಟೇ" ಎಂದರು. ಆಮೇಲೆ ಇಬ್ಬರೂ ತಲೆ ಜೋಡಿಸಿ ಏನೋ ಮಾತಾಡಿಕೊಂಡು, ಮುಖ ಮೇಲೆತ್ತಿ ಎರಡೇ ಮಾತು ಹೇಳಿದರು.

ಆ ಎರಡು ಮಾತು ಮೊದಲು ಬಿದ್ದದ್ದು ಗುಮಾಸ್ತನ ಕಿವಿಗೆ. ಅವನಿಗೆ ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದವನೇ ಪರದೆಗೂ ಅವಳಿಗೂ ನಡುವೆ ನುಗ್ಗಿ, ಬಾಯಿ ಅಗಲಿಸಿ ಕೂಗಿದ. "ಸಿಕ್ತು ಮೇಡಂ! ಕೆಲಸ ಸಿಕ್ತು!"

ತುಟಿ ನೋಡಿಯೇ ಅವಳಿಗೆ ತಿಳಿಯಿತು. ಸಂತೋಷ ಎದೆಯಲ್ಲಿ ಹಿಡಿಸಲಿಲ್ಲ. ಆದರೂ ಅವನ ಭುಜದ ಮೇಲೆ ಅಂಗೈಯಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಅವನ ಬೆನ್ನ ಹಿಂದೆ, ಪರದೆಯ ತುಂಬ, ಎರಡು ಕೈಗಳು ಅದನ್ನೇ ಹೇಳುತ್ತಿದ್ದವು. ಈ ಸುದ್ದಿಯನ್ನು ಅವಳು ತನ್ನ ಭಾಷೆಯಲ್ಲೇ ಕೇಳಬೇಕಿತ್ತು.